ಭಾನುವಾರದವರೆಗೆ ಕ್ಷೇಮ

ಸೋಮವಾರ ಬೆಳಗ್ಗೆ ಹತ್ತೂವರೆಗೆ ಅಕ್ಕನ ಫೋನಿಗೆ ಒಂದು ಸಂದೇಶ ಬಂತು. "ನಿಮ್ಮ ತಮ್ಮ ಭಾನುವಾರ ಸಂಜೆ ಐದರ ಮಾತ್ರೆ ನುಂಗಿದ್ದಾರೆ. ಅವರು ಕ್ಷೇಮವಾಗಿದ್ದಾರೆ." ಅಕ್ಕ ಹಣೆಯ ಮೇಲಿದ್ದ ಕನ್ನಡಕವನ್ನು ಮೂಗಿಗೆ ಇಳಿಸಿಕೊಂಡು ಇನ್ನೊಮ್ಮೆ ಓದಿದಳು. ಕಳೆದ ಭಾನುವಾರವಲ್ಲ, ಬರಲಿರುವ ಭಾನುವಾರ. ಅನುಮಾನವೇ ಬೇಡವೆಂದು ತಾರೀಖನ್ನೂ ಹಾಕಿತ್ತು. ಇನ್ನೂ ಆರು ದಿನ ಆಚೆಗಿರುವ ಸಂಜೆಯಲ್ಲಿ ತಮ್ಮ ನೆಟ್ಟಗಿದ್ದಾನೆ ಅನ್ನುವ ಸುದ್ದಿ ಈಗಲೇ ಕೈಗೆ ಸಿಗುವುದೆಂದರೆ, ಯಾರಿಗುಂಟು ಯಾರಿಗಿಲ್ಲ!

ಬೆರಳಿನಿಂದ ತಳ್ಳಿ ನೋಡಿದರೆ ಇನ್ನೂ ಇದ್ದವು. ಶನಿವಾರ ಕ್ಷೇಮ, ಶುಕ್ರವಾರ ಕ್ಷೇಮ, ಗುರುವಾರ ಮೂರು ಹೊತ್ತೂ ಕ್ಷೇಮ. ಹತ್ತೇ ನಿಮಿಷದಲ್ಲಿ ಇಪ್ಪತ್ತು ಸಂದೇಶಗಳು ಒಂದರ ಬೆನ್ನಿಗೆ ಒಂದು ಬಂದು ಬಿದ್ದಿದ್ದವು. ಅಕ್ಕ ತಲೆಯೆತ್ತಿ ನೋಡಿದಳು. ಕ್ಷೇಮವಾಗಿರುವ ತಮ್ಮ ಎದುರಿಗೇ ಕಟಿಂಗ್ ಮೇಜಿನ ಮುಂದೆ ನಿಂತು, ಕಿವಿಯ ಸಂದಿಯಲ್ಲಿ ಸೀಮೆಸುಣ್ಣ ಸಿಕ್ಕಿಸಿಕೊಂಡು, ಬಿಳಿ ಬಟ್ಟೆಯ ಥಾನು ಬಿಚ್ಚುತ್ತಿದ್ದ.

"ಲೋ, ಏನೋ ಇದು? ಭಾನುವಾರದ ಮಾತ್ರೆ ಇವತ್ತೇ ನುಂಗಿದೀಯಾ?"

"ನುಂಗಿಲ್ಲಕ್ಕಾ. ಒತ್ತಿದೀನಿ ಅಷ್ಟೆ."

"ಒತ್ತಿದೀನಿ ಅಂದ್ರೆ?"

ತಮ್ಮ ಥಾನನ್ನು ಕೆಳಗಿಟ್ಟ. ಅವನ ಮುಖದಲ್ಲಿ ಏನನ್ನೋ ಕಂಡುಹಿಡಿದವನ ಕಳೆ ಇತ್ತು. "ನಲವತ್ತು ಪ್ಯಾಂಟ್ ಆರ್ಡರ್ ಬಂದ್ರೆ ನಲವತ್ತು ಸಲ ಕತ್ತರಿಸ್ತೀನಾ? ಪದರದ ಮೇಲೆ ಪದರ ಹಾಸ್ತೀನಿ, ಮೇಲೆ ಒಂದೇ ಗೆರೆ ಎಳೀತೀನಿ, ಒಂದೇ ಸಲ ಕತ್ತರಿ ಓಡಿಸ್ತೀನಿ. ಇದೂ ಹಾಗೇ. ಫೋನಿನ ತಾರೀಖು ಮುಂದಕ್ಕೆ ತಳ್ಳಿದೆ, 'ನುಂಗಿದ್ದೇನೆ' ಒತ್ತಿದೆ. ತಳ್ಳಿದೆ, ಒತ್ತಿದೆ. ವಾರದ್ದೆಲ್ಲ ಮುಗೀತು. ಆಮೇಲೆ ತಾರೀಖು ಸರಿಮಾಡಿ ಇಟ್ಟುಬಿಟ್ಟೆ. ಮೂರು ಹೊತ್ತೂ ಫೋನಿನೊಳಗಿಂದ ಬಡ್ಕೊಳ್ತಿದ್ದ ಅಮ್ಮಣ್ಣಿ ಇನ್ನು ಭಾನುವಾರದವರೆಗೂ ಬಾಯಿ ಬಿಡಲ್ಲ."

"ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದ್ರಂತೆ," ಎಂದಳು ಅಕ್ಕ.

"ನಮ್ಮ ಕಸುಬೇ ಅದಲ್ವೇನಕ್ಕಾ? ಮುಂಚೆ ಹೊಲೀದೆ ಇದ್ರೆ ಕೂಸಿನ ತಲೆಗೆ ಏನು ಹಾಕ್ತಾರೆ?"

ಅಕ್ಕನಿಗೆ ನಗು ಬಂತು. ಇಪ್ಪತ್ತು ಸಂದೇಶಗಳನ್ನೂ ಹಾಗೇ ಬಿಟ್ಟು ಫೋನನ್ನು ಅಳತೆ ಪುಸ್ತಕದ ಪಕ್ಕಕ್ಕೆ ಇಟ್ಟಳು. ಆ ಒಂದು ನಗುವಿಗಾಗಿ ಅವಳು ಆಮೇಲೆ ತನ್ನ ಕೆನ್ನೆಗೆ ತಾನೇ ಎಷ್ಟು ಸಲ ಹೊಡೆದುಕೊಂಡಳೋ ಲೆಕ್ಕವಿಲ್ಲ. ಆದರೆ ಸೋಮವಾರ ಬೆಳಗ್ಗೆ ಹತ್ತೂವರೆಗೆ ಅದು ನಗುವಂಥ ಮಾತೇ ಆಗಿತ್ತು.

ಈ ಅಂಗಡಿ ಅವರ ಅಜ್ಜನ ಕಾಲದ್ದು. ಮುಂದೆ ಕೌಂಟರು ಮತ್ತು ಆಳೆತ್ತರದ ಕನ್ನಡಿ, ಹಿಂದೆ ಹನ್ನೆರಡಡಿ ಉದ್ದದ ಕಟಿಂಗ್ ಮೇಜು, ಗೋಡೆ ಪಕ್ಕ ಮೂರು ಮೆಷಿನ್ನು, ಕಿಟಕಿಯ ಕೆಳಗೆ ಇಸ್ತ್ರಿ ಮೇಜು. ಅಳತೆ ಪುಸ್ತಕ, ಗಿರಾಕಿಗಳ ಬೈಗುಳ, ಮೆಷಿನ್ನು ಎಲ್ಲ ಅಕ್ಕನ ಪಾಲು. ಕತ್ತರಿ ಮಾತ್ರ ತಮ್ಮನದು. ಅವನು ಅಕ್ಕನಿಗಿಂತ ಒಂಬತ್ತು ವರ್ಷ ಚಿಕ್ಕವನಾದರೂ ಬಟ್ಟೆಯ ವಿಚಾರ ಬಂದಾಗ ಅವನ ಮಾತಿಗೆ ಅಕ್ಕ ಎದುರಾಡಿದವಳಲ್ಲ. ಗುಂಡಿ ಹಾಕಿ ಕಾಜಾ ತೆಗೆಯಲು ಒಬ್ಬಳಿದ್ದಳು. ಹದಿನೆಂಟು ವರ್ಷದಿಂದ ಅದೊಂದೇ ಕೆಲಸ ಮಾಡುತ್ತ ಅವಳ ಹೆಸರೇ ಕಾಜಾ ಎಂದಾಗಿತ್ತು. ಇಸ್ತ್ರಿಯ ಮುಂದೆ ಇಸ್ತ್ರಿ ಮಾವ. ಆತ ಯಾರಿಗೂ ಮಾವನಲ್ಲ, ಆದರೆ ಎಲ್ಲರಿಗೂ ಬುದ್ಧಿ ಹೇಳುವುದರಿಂದ ಮಾವ. ಇವರೆಲ್ಲರ ತಲೆಯ ಮೇಲೆ, ಗೋಡೆಯಲ್ಲಿ, ಅಜ್ಜ ತನ್ನ ಕೈಯಾರೆ ಕಸೂತಿ ಹಾಕಿ ಕಟ್ಟು ಹಾಕಿಸಿದ್ದ ಒಂದು ಸಾಲು: "ಗಿರಾಕಿಯ ಬಟ್ಟೆಗೆ ಬೇಡದ ತೂತು ಬೀಳಕೂಡದು." ಬೇರೆ ಮನೆಗಳಲ್ಲಿ ದೇವರ ಪಟಕ್ಕೆ ಸಿಗುವ ಮರ್ಯಾದೆ ಇಲ್ಲಿ ಆ ಸಾಲಿಗಿತ್ತು.

ತಮ್ಮನ ಕಾಯಿಲೆ ಬೆಳಕಿಗೆ ಬಂದು ಒಂದೂವರೆ ವರ್ಷವಾಗಿತ್ತು. ಸುಸ್ತು, ತೂಕ ಇಳಿಯುವುದು, ನಿಂತರೆ ಕಣ್ಣು ಕತ್ತಲೆ, ಹಗಲೆಲ್ಲ ಉಪ್ಪು ಬಿಸ್ಕತ್ತಿನ ಹಂಬಲ. ಕೊನೆಗೆ ಡಾಕ್ಟರಮ್ಮ ಕೂರಿಸಿ ಬಿಡಿಸಿ ಹೇಳಿದ್ದರು. "ನಮ್ಮ ಕಿಡ್ನಿಗಳ ಮೇಲೆ ಟೋಪಿ ಇಟ್ಟ ಹಾಗೆ ಎರಡು ಸಣ್ಣ ಗ್ರಂಥಿ ಇರ್ತವೆ. ಮೈಗೆ ಕಷ್ಟ ಬಂದಾಗ ತಡ್ಕೊಳ್ಳೋಕೆ ಬೇಕಾದ ಒಂದು ರಸ ಅಲ್ಲಿ ತಯಾರಾಗತ್ತೆ. ನಿಮ್ಮಲ್ಲಿ ಅದು ನಿಂತುಹೋಗಿದೆ. ಮಾತ್ರೆಯಿಂದ ಒಳಗೆ ಹಾಕ್ಬೇಕು, ಬೆಳಗ್ಗೆ, ಮಧ್ಯಾಹ್ನ, ಸಂಜೆ. ಜ್ವರ ಬಂದ್ರೆ ಹೆಚ್ಚು ಹಾಕ್ಬೇಕು. ವಾಂತಿಯಾಗಿ ಮಾತ್ರೆ ನಿಲ್ಲದೆ ಹೋದ್ರೆ ತಕ್ಷಣ ಇಂಜೆಕ್ಷನ್. ತಡ ಮಾಡಿದ್ರೆ ಜೀವಕ್ಕೇ ಸಂಚಕಾರ." ಅಕ್ಕ ಅದನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡಿದ್ದಳು. ತಮ್ಮ ಮಾತ್ರ ಟೋಪಿ ಅನ್ನುವ ಮಾತಿಗೆ ಕಿವಿ ನಿಮಿರಿಸಿ, ಅದರ ಸುತ್ತಳತೆ ಎಷ್ಟಿರುತ್ತದೆ ಎಂದು ಕೇಳಿದ್ದ.

ಆ ಡಾಕ್ಟರಮ್ಮನೇ ಅವನ ಫೋನಿಗೆ ಆ ಆ್ಯಪ್ ಹಾಕಿಸಿಕೊಟ್ಟದ್ದು. ಅದು ಹೊತ್ತುಹೊತ್ತಿಗೆ ಮಾತ್ರೆ ನೆನಪಿಸುತ್ತದೆ, ನುಂಗಿದ್ದನ್ನು ಅಕ್ಕನಿಗೆ ತಿಳಿಸುತ್ತದೆ, ಮೈ ಸರಿಯಿಲ್ಲದಿದ್ದರೆ ಎಷ್ಟು ಮಾತ್ರೆ ಹೆಚ್ಚಿಸಬೇಕೆಂದು ಹೇಳುತ್ತದೆ. ಪ್ರಾಣಾಪಾಯವಾದರೆ ಕೆಂಪು ಗುಂಡಿ ಒತ್ತಬೇಕು. ಆಂಬುಲೆನ್ಸಿಗೆ ಕರೆ ಹೋಗುತ್ತದೆ, ಚುಚ್ಚುಮದ್ದು ಕೊಡುವುದನ್ನು ಹಂತಹಂತವಾಗಿ ಹೇಳಿಕೊಡುತ್ತದೆ. ಅದರೊಳಗಿನ ಹೆಂಗಸಿನ ದನಿ ಬಹಳ ನಯ. "ನಮಸ್ಕಾರ. ತಮ್ಮ ಮಧ್ಯಾಹ್ನದ ಮಾತ್ರೆಯನ್ನು ದಯವಿಟ್ಟು ಸೇವಿಸುವಿರಾ?" ಅತಿ ವಿನಯಂ ಧೂರ್ತ ಲಕ್ಷಣಂ ಎಂದು ಇಸ್ತ್ರಿ ಮಾವ ಮೊದಲ ದಿನವೇ ತೀರ್ಪು ಕೊಟ್ಟ. ಕಾಜಾ ಅದಕ್ಕೆ ಅಮ್ಮಣ್ಣಿ ಎಂದು ಹೆಸರಿಟ್ಟಳು.

ತಮ್ಮನಿಗೂ ಅಮ್ಮಣ್ಣಿಗೂ ಮೊದಲಿನಿಂದ ಎಣ್ಣೆ ಸೀಗೆಕಾಯಿ. ದಿನಾ ಬೆಳಗ್ಗೆ ಅವಳು, "ಇಂದು ತಮ್ಮ ಆಯಾಸ ಸೊನ್ನೆಯಿಂದ ಹತ್ತರೊಳಗೆ ಎಷ್ಟು?" ಎಂದು ಕೇಳುವಳು. ಅವನು ಕಣ್ಣು ಮುಚ್ಚಿ, ಒಳಗೊಳಗೇ ಟೇಪು ಹಿಡಿದು ನೋಡಿ, "ಮೂರೂ ಮುಕ್ಕಾಲು" ಅನ್ನುವನು. ಅಮ್ಮಣ್ಣಿಗೆ ಮುಕ್ಕಾಲು ಅರ್ಥವಾಗದು. ಮೂರೋ ನಾಲ್ಕೋ ಒಂದು ಒತ್ತು ಎಂದು ಅಕ್ಕ ಹೇಳಿದರೆ, "ಸುಳ್ಳು ಅಳತೆ ನಾನು ಬರೆಸಲ್ಲ" ಎಂದು ಹಟ. ನೋಡಿ, ಮುಕ್ಕಾಲಂಗುಲದ ಸುಳ್ಳು ಹೇಳಲಾರದ ಮನುಷ್ಯ ಆ ಸೋಮವಾರ ಇಪ್ಪತ್ತು ಸುಳ್ಳನ್ನು ಒಂದೇ ಕತ್ತರಿಗೆ ಉರುಳಿಸಿದ್ದ. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ.

ಚುಚ್ಚುಮದ್ದಿನ ಪೆಟ್ಟಿಗೆ ಗುಂಡಿಗಳ ಕಪಾಟಿನಲ್ಲಿತ್ತು, ಬಿಳಿ ಕೋಟಿನ ಗುಂಡಿಗೂ ಪ್ಯಾಂಟಿನ ಕೊಕ್ಕೆಗೂ ನಡುವಿನ ಖಾನೆಯಲ್ಲಿ. ಅಕ್ಕ ಅಭ್ಯಾಸವನ್ನೂ ಮಾಡಿದ್ದಳು. ಆಸ್ಪತ್ರೆಯಲ್ಲಿ ಕೊಟ್ಟ ಖಾಲಿ ಸಿರಿಂಜಿಗೆ ನೀರು ತುಂಬಿ, ಕೋಟಿನ ಭುಜಕ್ಕೆ ಹಾಕುವ ಪ್ಯಾಡುಗಳಿಗೆ ಚುಚ್ಚಿ ಚುಚ್ಚಿ ಕಲಿತಳು. ಅದರಲ್ಲೊಂದು ಪ್ಯಾಡು ತಪ್ಪಿ ಒಬ್ಬ ವಕೀಲರ ಕೋಟಿನೊಳಗೆ ಸೇರಿಹೋಗಿ, ಅವರು ಎಡಭುಜ ಯಾಕೋ ತಣ್ಣಗಿದೆ ಎಂದು ದೂರಿದ್ದರು.

ಮಂಗಳವಾರದಿಂದ ಅಂಗಡಿಗೆ ಉಸಿರಾಡಲು ಬಿಡುವಿರಲಿಲ್ಲ. ಶನಿವಾರ ಬ್ಯಾಂಡಿನವರ ದೊಡ್ಡ ಕಾರ್ಯಕ್ರಮ. ನಲವತ್ತು ಜನಕ್ಕೆ ಬಿಳಿ ಪ್ಯಾಂಟು, ಹೊರಹೊಲಿಗೆಯ ಉದ್ದಕ್ಕೂ ಕೆಂಪು ಪಟ್ಟಿ. ತಮ್ಮನ ಬಾಯಲ್ಲಿ ಬೆಳಗಿಂದ ಸಂಜೆವರೆಗೂ ಗುಂಡುಸೂಜಿ. ಸೂಜಿ ಕಚ್ಚಿಕೊಂಡವನು ಮಾತ್ರೆ ನುಂಗುವುದೆಲ್ಲಿ? ಬೇರೆ ದಿನವಾದರೆ ಅಮ್ಮಣ್ಣಿ ಕೂಗಿ ಕೂಗಿ ಪ್ರಾಣ ತಿಂದು, ಅವನು ಸೂಜಿಗಳನ್ನು ಉಗಿದು, ಬೈದು, ನುಂಗುತ್ತಿದ್ದ. ಈಗ ಅವಳ ಲೆಕ್ಕದಲ್ಲಿ ಎಲ್ಲ ನುಂಗಿ ಆಗಿತ್ತು. ಫೋನು ಮೇಜಿನ ಮೂಲೆಯಲ್ಲಿ ಮೌನವಾಗಿ ಬಿದ್ದಿತ್ತು.

"ಮಾತ್ರೆ ತಗೊಂಡ್ಯೇನೋ?" ಎಂದು ಅಕ್ಕ ಮೆಷಿನ್ನು ತುಳಿಯುತ್ತಲೇ ಕೇಳುವಳು.

"ಹೂಂ," ಅನ್ನುವನು ತಮ್ಮ.

ಬಾಯಿ ತುಂಬ ಸೂಜಿಯಿರುವವನು ಹೌದಿಗೂ ಹೂಂ ಅನ್ನುತ್ತಾನೆ, ಇಲ್ಲಕ್ಕೂ ಹೂಂ ಅನ್ನುತ್ತಾನೆ, ಆಮೇಲೆ ತಗೋತೀನಿ ಅನ್ನುವುದಕ್ಕೂ ಹೂಂ ಅನ್ನುತ್ತಾನೆ. ನಲವತ್ತು ವರ್ಷ ದರ್ಜಿಗಳ ನಡುವೆ ಬದುಕಿದ ಅಕ್ಕನಿಗೆ ಇದು ಗೊತ್ತಿಲ್ಲದ ಸಂಗತಿಯಲ್ಲ. ಆದರೆ ಅವಳ ಕಣ್ಣು ಕೆಂಪು ಪಟ್ಟಿಯ ಮೇಲಿತ್ತು.

ಗುರುವಾರ ಬೆಳಗ್ಗೆ ತಮ್ಮ ಹಿಂದಿನ ನಲ್ಲಿಯ ಹತ್ತಿರ ಎರಡು ಸಲ ವಾಂತಿ ಮಾಡಿಕೊಂಡ. ಕಾಜಾ ನೋಡಿದಳು. ಅಕ್ಕನಿಗೆ ಹೇಳಬೇಡ ಎಂದು ಅವನು ಕೈಸನ್ನೆ ಮಾಡಿದ. ಕಟಿಂಗ್ ಮಾಸ್ಟರ ಮಾತು ಮೀರಬಾರದೆಂದು ಅವಳು ಹನ್ನೊಂದು ಗುಂಡಿ ಹಾಕುವವರೆಗೆ ತಡೆದುಕೊಂಡಳು, ಹನ್ನೆರಡನೆಯದಕ್ಕೆ ಆಗಲಿಲ್ಲ. ಅಕ್ಕನ ಬಳಿ ಓಡಿ ಕಿವಿಯಲ್ಲಿ ಹೇಳಿದಳು.

ಅಷ್ಟು ಹೊತ್ತಿಗೆ ತಮ್ಮ ಬ್ಯಾಂಡ್ ಸಾಹೇಬರ ಪ್ಯಾಂಟು ತೊಟ್ಟು ಕನ್ನಡಿಯ ಮುಂದೆ ನಿಂತಿದ್ದ. ಬ್ಯಾಂಡಿನ ಮುಖ್ಯಸ್ಥರಾದ ಸಾಹೇಬರಿಗೆ ಟ್ರಯಲ್ಲಿಗೆ ಬರಲು ಪುರುಸೊತ್ತಿಲ್ಲ. ಅವರದೂ ತಮ್ಮನದೂ ಒಂದೇ ಅಳತೆಯಾದ್ದರಿಂದ ಅವರ ಬಟ್ಟೆಗೆಲ್ಲ ಇವನ ಮೈಯೇ ಟ್ರಯಲ್. ನಲವತ್ತರಲ್ಲಿ ಇದೊಂದನ್ನು ತಮ್ಮ ತಾನೇ ಕೂತು ಹೊಲಿದಿದ್ದ. ಸೊಂಟಕ್ಕೆ ಕೊಕ್ಕೆ ಬಿದ್ದಿರಲಿಲ್ಲ, ಕೈಹೊಲಿಗೆಯಲ್ಲಿ ಹಿಂದೆ ಬಿಗಿದಿತ್ತು. ಇಸ್ತ್ರಿ ಮಾವ ಆಗಷ್ಟೇ ಎಳೆದುಕೊಟ್ಟ ಮಡಿಕೆ ಕತ್ತಿಯಂತೆ ನಿಂತಿತ್ತು.

ಅಕ್ಕ ಹತ್ತಿರ ಹೋಗುವಷ್ಟರಲ್ಲಿ ಅವನು ತಿರುಗಿದ. ಮುಖ ಸೀಮೆಸುಣ್ಣದ ಬಣ್ಣಕ್ಕೆ ತಿರುಗಿತ್ತು.

"ಅಕ್ಕಾ, ಒಂಚೂರು ಉಪ್ಪು ಇದೆಯಾ?" ಎಂದು ಕೇಳಿ, ಕನ್ನಡಿ ಹಿಡಿದುಕೊಂಡೇ ಜಾರಿ ಕೂತ. ಆಮೇಲೆ ಪಕ್ಕಕ್ಕೆ ಒರಗಿದ.

ಮೂವರೂ ಸೇರಿ ಅವನನ್ನು ಎತ್ತಿ ಕಟಿಂಗ್ ಮೇಜಿನ ಮೇಲೆ ಮಲಗಿಸಿದರು. ಮೈ ತಣ್ಣಗಿತ್ತು, ಬೆವರು ಕಿತ್ತು ಬರುತ್ತಿತ್ತು. ಅಕ್ಕ ಕೆನ್ನೆ ತಟ್ಟಿದರೆ ಕಣ್ಣು ಅರೆ ತೆರೆದು ಏನೋ ಗೊಣಗಿದ. ಅವಳು ಕಿವಿಯಿಟ್ಟು ಕೇಳಿದಳು. "ಮಡಿಕೆ... ಮಡಿಕೆ ಕೆಡತ್ತೆ." ಅವನ ಬಲಗೈ ಪ್ಯಾಂಟಿನ ಮಡಿಕೆಯನ್ನು ಎರಡು ಬೆರಳಲ್ಲಿ ಹಿಡಿದು ನೇರ ಮಾಡುತ್ತಲೇ ಇತ್ತು.

"ಇದೇನಕ್ಕಾವ್ರೇ ಹೀಗೆ?" ಇಸ್ತ್ರಿ ಮಾವ ಬೆರಗಾಗಿ ನಿಂತ. "ಭಾನುವಾರದವರೆಗೂ ಕ್ಷೇಮ ಅಂತ ಫೋನಲ್ಲಿ ಬಂದಿತ್ತಲ್ಲ?"

"ಅದು ಅವನೇ ಒತ್ತಿದ್ದು ಮಾವ!"

"ಇರಬಹುದು. ಆದ್ರೂ ಮೆಷಿನ್ನು ಸುಮ್ಸುಮ್ನೆ ಒಪ್ಪುತ್ತಾ? ಇವತ್ತಿನ್ನೂ ಗುರುವಾರ."

ಅಕ್ಕ ತಮ್ಮನ ಫೋನು ಹುಡುಕಿ ಕೆಂಪು ಗುಂಡಿ ಒತ್ತಿದಳು. ಮೂರು ದಿನದ ಮೌನ ಮುರಿದು ಅಮ್ಮಣ್ಣಿ ಬಾಯಿ ತೆರೆದಳು. "ನಮಸ್ಕಾರ. ದಾಖಲೆಯ ಪ್ರಕಾರ ತಾವು ಮುಂದಿನ ಹನ್ನೊಂದು ಹೊತ್ತಿನ ಮಾತ್ರೆಗಳನ್ನೂ ತಪ್ಪದೆ ಸೇವಿಸಿದ್ದೀರಿ. ಅಭಿನಂದನೆಗಳು. ಆದರೂ ತಮಗೆ ತುರ್ತು ನೆರವು ಬೇಕೆ?"

"ಬೇಕು ಕಣೇ, ಬೇಕು!"

"ದಯವಿಟ್ಟು 'ಹೌದು' ಎಂಬುದನ್ನು ಒತ್ತಿ."

ಒತ್ತಿದಳು. ಅಲ್ಲಿಂದ ಮುಂದೆ ಅಮ್ಮಣ್ಣಿಯನ್ನು ದೂರುವಂತಿಲ್ಲ. ಆಂಬುಲೆನ್ಸಿಗೆ ಕರೆ ಹೋಯಿತು. ಇಪ್ಪತ್ತು ನಿಮಿಷ ಬೇಕು, ಅಷ್ಟರೊಳಗೆ ಚುಚ್ಚುಮದ್ದು ಕೊಡಲೇಬೇಕು ಎಂದಳು. ಕಾಜಾ ಗುಂಡಿ ಕಪಾಟಿನಿಂದ ಪೆಟ್ಟಿಗೆ ತಂದಳು. ಸೀಸೆಯ ತಲೆ ಒತ್ತಿರಿ, ನೀರು ಪುಡಿ ಬೆರೆಯಲಿ, ಅಲ್ಲಾಡಿಸಿ, ಸಿರಿಂಜಿಗೆ ಎಳೆದುಕೊಳ್ಳಿ. ಭುಜದ ಪ್ಯಾಡುಗಳ ಪುಣ್ಯ, ಎಲ್ಲ ಹಂತಗಳೂ ನೀರು ಕುಡಿದಷ್ಟು ಸಲೀಸಾಗಿ ನಡೆದವು. ಔಷಧ ತುಂಬಿದ ಸಿರಿಂಜು ಅವಳ ಕೈಯಲ್ಲಿತ್ತು.

"ಈಗ ತೊಡೆಯ ಹೊರಭಾಗದ ನಡುವೆ ಸೂಜಿಯನ್ನು ನೇರವಾಗಿ ಚುಚ್ಚಿ," ಎಂದಳು ಅಮ್ಮಣ್ಣಿ. "ಬಟ್ಟೆಯನ್ನು ತೆಗೆಯುವ ಅಗತ್ಯವಿಲ್ಲ. ಬಟ್ಟೆಯ ಮೇಲೆಯೇ ಚುಚ್ಚಬಹುದು."

ಮೂವರ ಕಣ್ಣೂ ಬಿಳಿ ಪ್ಯಾಂಟಿನ ಮೇಲೆ ಹೋಯಿತು.

"ಬಟ್ಟೆ ಮೇಲಾ?" ಎಂದ ಇಸ್ತ್ರಿ ಮಾವ ಮೆಲ್ಲಗೆ. "ಅದು ಯಾರ ಬಟ್ಟೆ ಅಂತ ಗೊತ್ತಾ ಇವಳಿಗೆ?"

ನಗಬೇಡಿ. ನಮಗೆ ನಿಮಗೆ ಅದು ಪ್ಯಾಂಟು. ಅವರಿಗೆ ಅದು ಮೂರು ತಲೆಮಾರಿನ ಮಾತು. ಅಕ್ಕ ತಲೆಯೆತ್ತಿದಳು, ಗೋಡೆಯ ಮೇಲೆ ಅಜ್ಜನ ಸಾಲು ಕಂಡಿತು. ಅಷ್ಟರಲ್ಲಿ ಮೇಜಿನ ಮೇಲಿಂದ ತಮ್ಮನೇ ನಾಲಗೆ ತೊದಲುತ್ತ ಅಂದ. "ತೂತು ಬೇಡಕ್ಕಾ... ಹೊಲಿಗೆ ಬಿಚ್ಚು." ಬಟ್ಟೆಯ ವಿಚಾರದಲ್ಲಿ ಅವನ ಮಾತೇ ಮಾತಲ್ಲವೇ? ಅಕ್ಕ ಸಿರಿಂಜಿಗೆ ಮುಚ್ಚಳ ಹಾಕಿ ಕಾಜಾಳ ಕೈಗೆ ಕೊಟ್ಟು, ಹೊಲಿಗೆ ಬಿಚ್ಚುವ ಸಣ್ಣ ಕತ್ತರಿ ಹಿಡಿದಳು.

"ಪ್ಯಾಂಟೇ ಇಳಿಸಿಬಿಡಾಣ ಅಕ್ಕಾವ್ರೇ," ಎಂದಳು ಕಾಜಾ.

"ಹಿಂದೆ ಬಿಗಿದು ಹೊಲಿದಿದೆಯಲ್ಲೇ. ಮಗುಚಿ ಹಾಕ್ಬೇಕು," ಎಂದಳು ಅಕ್ಕ.

"ಮಗುಚಿದ್ರೆ ಮಡಿಕೆ ಎರಡಾಗತ್ತೆ," ಎಂದ ಇಸ್ತ್ರಿ ಮಾವ.

ಕಾಜಾ ನೀಲಿ ಸೀಮೆಸುಣ್ಣ ತಂದು, ತೊಡೆಯ ನಡುಭಾಗ ಅಳೆದು, ಕೆಂಪು ಪಟ್ಟಿಯ ಪಕ್ಕ ಒಂದು ಅಚ್ಚುಕಟ್ಟಾದ ಗೆರೆ ಎಳೆದಳು. ಮೂರಂಗುಲ ಬಿಚ್ಚಿದರೆ ಸಾಕು, ಮತ್ತೆ ಹೊಲಿದರೆ ಯಾರಿಗೂ ಗೊತ್ತಾಗದು. ಅಕ್ಕ ಮೊದಲ ಹೊಲಿಗೆಯ ಕೆಳಗೆ ಕತ್ತರಿಯ ಮೊನೆ ತೂರಿಸಿದಳು.

ತಮ್ಮನ ಹೊಲಿಗೆ ಅದು. ಅಂಗುಲಕ್ಕೆ ಹದಿನಾಲ್ಕು, ಒಂದರ ಮೈಗೆ ಇನ್ನೊಂದು ಅಂಟಿ ಕೂತಿತ್ತು. ಮೇಲೊಂದು ಸಾಲು, ಒಳಗೊಂದು ಸಾಲು. ಅವನ ಹೊಲಿಗೆಯನ್ನು ಈವರೆಗೆ ಯಾರೂ ಬಿಚ್ಚಿದ್ದಿಲ್ಲ, ಬಿಚ್ಚುವ ಸಂದರ್ಭವೇ ಬಂದಿರಲಿಲ್ಲ. ಒಂದು ಎಳೆ ಬಿಚ್ಚಿತು. ಎರಡನೆಯದು ಬಿಚ್ಚಿತು. ಇಂಥ ಹೊತ್ತಿನಲ್ಲೂ ಅಕ್ಕನ ಮನಸ್ಸು, ಎಂಥಾ ಕೈ ನನ್ನ ತಮ್ಮಂದು, ಎಂದು ಹಿಗ್ಗಿತು. ಆ ಕೈಯ ಕೆಲಸವೇ ಈಗ ಅವನ ಪ್ರಾಣಕ್ಕೂ ಔಷಧಕ್ಕೂ ನಡುವೆ ಗೋಡೆಯಾಗಿ ನಿಂತಿತ್ತು.

"ಚುಚ್ಚಿದಿರಾ?" ಎಂದಳು ಅಮ್ಮಣ್ಣಿ.

"ತಾಳಮ್ಮ, ಬಿಚ್ತಾ ಇದೀವಿ," ಎಂದ ಇಸ್ತ್ರಿ ಮಾವ, ಎದುರಿಗಿರುವ ಹೆಂಗಸಿಗೆ ಹೇಳುವಂತೆ. "ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ನಿಂಗೇನು ಗೊತ್ತು."

ಆರು ಎಳೆ. ಏಳು. "ಚುಚ್ಚಿದಿರಾ?" ಎಂಟು. ಅಕ್ಕನ ಕನ್ನಡಕ ಬೆವರಿಗೆ ಜಾರುತ್ತಿತ್ತು, ಕಾಜಾ ಅದನ್ನು ಮೇಲೆ ತಳ್ಳುತ್ತಿದ್ದಳು. "ಚುಚ್ಚಿದಿರಾ? ದಯವಿಟ್ಟು ವಿಳಂಬ ಮಾಡಬೇಡಿ." ಒಂಬತ್ತು. ಗಡಿಯಾರದಲ್ಲಿ ಆರು ನಿಮಿಷ ಕಳೆದಿತ್ತು, ಬಟ್ಟೆಯಲ್ಲಿ ಮುಕ್ಕಾಲು ಅಂಗುಲವೂ ಬಿಚ್ಚಿರಲಿಲ್ಲ.

ಹತ್ತನೆಯ ಎಳೆಗೆ ಕತ್ತರಿ ಹಾಕುವಾಗ ಅಕ್ಕನಿಗೆ ಏನೋ ಬದಲಾದಂತೆ ಅನ್ನಿಸಿತು. ಏನೆಂದು ತಿಳಿಯದೆ ನೋಡಿದಳು. ತಮ್ಮನ ಬಲಗೈ. ಇಷ್ಟು ಹೊತ್ತೂ ಮಡಿಕೆಯನ್ನು ನೀವಿ ನೀವಿ ನೇರ ಮಾಡುತ್ತಿದ್ದ ಕೈ ನಿಂತಿತ್ತು. ಬೆರಳುಗಳು ಬಿಚ್ಚಿಕೊಂಡಿದ್ದವು. ಮಡಿಕೆ ಅಂಕುಡೊಂಕಾಗಿ ಬಿದ್ದಿತ್ತು, ಅವನಿಗೆ ಅದರ ಗೊಡವೆಯೇ ಇರಲಿಲ್ಲ.

ತಮ್ಮನಿಗೆ ಬಟ್ಟೆ ಬೇಡವಾಯಿತು ಅಂದರೆ ಇನ್ನೇನು ಉಳಿಯಿತು? ಅವನು ಹುಟ್ಟಿದ ದಿನ ಅವಳಿಗೆ ಒಂಬತ್ತು ವರ್ಷ. ಅವನ ತಲೆಗೆ ಕುಲಾವಿ ಹೊಲಿದವಳು ಅವಳೇ. ಅಮ್ಮ ಬಸುರಿಯಾಗಿದ್ದಾಗಲೇ ಹೊಲಿದಿಟ್ಟಿದ್ದಳು, ಅಳತೆಯಿಲ್ಲದೆ, ಬರಿಯ ಆಸೆಯಿಂದ.

"ಹಾಳಾಗ್ ಹೋಗ್ಲಿ ನಿಮ್ಮ ಪ್ಯಾಂಟು!" ಎಂದು ಅವಳು ಕಿರುಚಿದ್ದು ಇಸ್ತ್ರಿ ಮಾವನಿಗೋ, ಅಜ್ಜನಿಗೋ, ತನಗೋ. ಕಾಜಾಳ ಕೈಯಿಂದ ಸಿರಿಂಜು ಕಿತ್ತುಕೊಂಡು, ಮುಚ್ಚಳ ಕಿತ್ತು ಎಸೆದು, ಸೀಮೆಸುಣ್ಣದ ಗೆರೆಯ ಮೇಲೆ ನೇರವಾಗಿ ಚುಚ್ಚಿದಳು. ಸೂಜಿ ಬಟ್ಟೆ ದಾಟುವ ಸದ್ದು ಅವಳಿಗೆ ನಲವತ್ತು ವರ್ಷದಿಂದ ಗೊತ್ತು. ಅದೇ ಸದ್ದು. ಈ ಸಲ ಬಟ್ಟೆಯ ಕೆಳಗೆ ತಮ್ಮನಿದ್ದ. ಅವಳು ಔಷಧವನ್ನು ಕೊನೆಯ ಹನಿಯವರೆಗೆ ಒತ್ತಿದಳು.

"ಚುಚ್ಚಿದಿರಾ?"

"ಚುಚ್ಚಿದೆ," ಎಂದಳು ಅಕ್ಕ, ಗೋಡೆಯ ಕಡೆ ತಿರುಗಿ.

ಆಂಬುಲೆನ್ಸಿನವರು ಬಂದು ಕೈಗೆ ಡ್ರಿಪ್ ಹಾಕಿದರು. ಇನ್ನೂ ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದರು. ಮೇಜಿನಿಂದ ಸ್ಟ್ರೆಚರಿಗೆ ಎತ್ತಿ ಹಾಕುವಾಗ ತಮ್ಮನ ಬಲಗೈ ಒಂದು ಸಲ ಅಲುಗಿತು. ತಡವರಿಸುತ್ತ, ಕುರುಡನ ಕೈಯಂತೆ, ತೊಡೆಯ ಮೇಲೆ ಓಡಾಡಿ ಮಡಿಕೆಯನ್ನು ಹುಡುಕಿತು. ಸಿಕ್ಕಿತು. ಹಿಡಿದು ನೇರ ಮಾಡಿತು. ಅಲ್ಲಿಯವರೆಗೂ ಗಟ್ಟಿಯಾಗಿದ್ದ ಅಕ್ಕ, ಅದನ್ನು ಕಂಡು ಬಾಗಿಲ ಚೌಕಟ್ಟಿಗೆ ತಲೆಯಿಟ್ಟು ಗಟ್ಟಿಯಾಗಿ ಅತ್ತಳು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಆ್ಯಪಿನ ದಾಖಲೆಯನ್ನು ಎರಡೆರಡು ಸಲ ನೋಡಿದರು. "ಇವರು ನಾಳಿದ್ದಿನ ಮಾತ್ರೆಯನ್ನೂ ನುಂಗಿದಾರೆ ಅಂತಿದೆ," ಎಂದರು.

"ಪದರ ಹಾಸಿ ಕತ್ತರಿಸಿದ ಮೇಡಂ," ಎಂದಳು ಅಕ್ಕ ತಲೆ ತಗ್ಗಿಸಿ. "ನಾನೂ ನಕ್ಕುಬಿಟ್ಟೆ."

ಡಾಕ್ಟರಮ್ಮನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಬೈದರು. ಬೈಸಿಕೊಳ್ಳುವುದು ಅಕ್ಕನಿಗೆ ಹಿತವಾಗಿಯೇ ಇತ್ತು.

ಶುಕ್ರವಾರ ಸಂಜೆ ಬ್ಯಾಂಡ್ ಸಾಹೇಬರು ಪ್ಯಾಂಟು ಕೇಳಿಕೊಂಡು ಅಂಗಡಿಗೆ ಬಂದರು. ಅಕ್ಕ ಆಸ್ಪತ್ರೆಯಿಂದ ಓಡಿ ಬಂದು, ಬಿಚ್ಚಿದ ಮುಕ್ಕಾಲು ಅಂಗುಲವನ್ನು ಹೊಲಿದು, ಪ್ಯಾಂಟನ್ನು ಕೌಂಟರಿನ ಮೇಲೆ ಹಾಸಿದಳು. ಕೆಂಪು ಪಟ್ಟಿಯ ಪಕ್ಕದ ತೂತಿನ ಮೇಲೆ ಬೆರಳಿಟ್ಟು ತಾನೇ ತೋರಿಸಿದಳು. ಮರ್ಯಾದೆ ಹೋದರೂ ಸರಿ, ಮುಚ್ಚಿಡಬಾರದು ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. ಇಸ್ತ್ರಿ ಮಾವ ಕಣ್ಣು ಮುಚ್ಚಿಕೊಂಡ.

ಸಾಹೇಬರು ಬಗ್ಗಿ ನೋಡಿದರು. "ಎಲ್ಲಿ?"

"ಇಲ್ಲಿ ಸಾರ್."

"ಕಾಣಲ್ವಲ್ಲ. ಸರಿ, ಇದ್ರೆ ಇರಲಿ ಬಿಡಿಮ್ಮ. ಬ್ಯಾಂಡು ನುಡಿಸುವಾಗ ಜನ ನನ್ನ ಬೆನ್ನು ನೋಡ್ತಾರೆ, ತೊಡೆ ಯಾರು ನೋಡ್ತಾರೆ?" ಎಂದು ಮಡಿಸಿಕೊಂಡು ಹೊರಟೇಬಿಟ್ಟರು. ಅಕ್ಕನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಆ ತೂತಿಗೆ ಹೆದರಿ ಆರು ನಿಮಿಷ! ಗೋಡೆಯ ಮೇಲಿನ ಅಜ್ಜನ ಸಾಲನ್ನು ಅವಳು ಮೊದಲ ಸಲ ಕಣ್ಣು ಕೆಕ್ಕರಿಸಿ ನೋಡಿದಳು.

ಶನಿವಾರ ಕಾಜಾ ಆಸ್ಪತ್ರೆಗೆ ಒಂದು ಗಂಟು ತಂದಳು. ಅದರಲ್ಲಿ ಮಾಸ್ಟರ ಮನೆಯ ಅಷ್ಟೂ ಪ್ಯಾಂಟು, ಪೈಜಾಮ. ಒಂದೊಂದರ ತೊಡೆಯ ಹೊರಭಾಗಕ್ಕೂ ಎರಡಂಗುಲದ ಸೀಳು, ಅಂಚಿಗೆ ಮುದ್ದಾದ ಕಾಜಾ, ಒಂದೊಂದು ಗುಂಡಿ. "ಇನ್ನೊಂದ್ ಸಲ ಹಂಗಾದ್ರೆ ಗುಂಡಿ ಬಿಚ್ಚಿದ್ರಾಯ್ತು," ಎಂದಳು. ನರ್ಸುಗಳು ಒಬ್ಬರನ್ನೊಬ್ಬರು ಕರೆದು ತಂದು ತೋರಿಸಿದರು.

ಈ ನಾಲ್ಕು ದಿನವೂ ಅಕ್ಕನಿಗೆ ಒಂದು 'ಹುಚ್ಚು' ಹಿಡಿದಿತ್ತು. ಸೋಮವಾರ ಬಂದಿದ್ದ ಇಪ್ಪತ್ತು ಸಂದೇಶಗಳನ್ನು ಅವಳು ಅಳಿಸಿರಲಿಲ್ಲ. ಒಂದೊಂದರ ಹೊತ್ತು ಬಂದಾಗಲೂ ಫೋನು ತೆಗೆದು ಅದನ್ನು ಓದಿ, ಮಂಚದ ಕಡೆ ನೋಡುವಳು. ಗುರುವಾರ ಮಧ್ಯಾಹ್ನದ 'ಕ್ಷೇಮ' ಶುದ್ಧ ಸುಳ್ಳು. ಶುಕ್ರವಾರ ಬೆಳಗಿನದೂ ಸುಳ್ಳೇ, ಅವನು ಡ್ರಿಪ್ಪಿನ ಕೆಳಗೆ ಕಣ್ಣು ಬಿಟ್ಟಿರಲಿಲ್ಲ. ಸಂಜೆಯದು ಕಾಲುಭಾಗ ನಿಜ. ಶನಿವಾರ ಮಧ್ಯಾಹ್ನ ಅವನು ಉಪ್ಪು ಬಿಸ್ಕತ್ತು ಕೇಳಿದ, ಮುಕ್ಕಾಲು ನಿಜ. ತಮ್ಮ ಹೇಳಿದ ಸುಳ್ಳುಗಳಲ್ಲಿ ಕೊನೆಯದೊಂದಾದರೂ ನಿಜವಾಗಲಿ ಎಂದು ಅವಳು ಬೇಡಿಕೊಂಡಷ್ಟು ಯಾವ ಸತ್ಯಕ್ಕೂ ಬೇಡಿಕೊಂಡವಳಲ್ಲ.

ಭಾನುವಾರ ಸಂಜೆ ಐದಕ್ಕೆ ತಮ್ಮ ದಿಂಬಿಗೆ ಒರಗಿ ಕೂತಿದ್ದ. ಆಸ್ಪತ್ರೆಯ ಅಂಗಿಯ ಹೆಗಲ ಹೊಲಿಗೆ ಅರ್ಧ ಅಂಗುಲ ಹಿಂದಕ್ಕೆ ಬಿದ್ದಿದೆ ಎಂದು ನರ್ಸಿಗೆ ವಿವರಿಸುತ್ತಿದ್ದ. ನರ್ಸು ಮಾತ್ರೆ ಕೊಟ್ಟಳು. ಅವನು ನೀರು ಕುಡಿದು ನುಂಗಿದ. ಅಕ್ಕ ಬಾಯಿ ತೆರೆಸಿ, ನಾಲಗೆ ಎತ್ತಿಸಿ, ಫೋನಿನ ಟಾರ್ಚು ಹಾಕಿ ನೋಡಿದಳು. ಆಮೇಲೆ ಅದೇ ಫೋನಿನಲ್ಲಿ ಕೊನೆಯ ಸಂದೇಶ ತೆಗೆದು ಗಟ್ಟಿಯಾಗಿ ಓದಿದಳು.

"ನಿಮ್ಮ ತಮ್ಮ ಭಾನುವಾರ ಸಂಜೆ ಐದರ ಮಾತ್ರೆ ನುಂಗಿದ್ದಾರೆ. ಅವರು ಕ್ಷೇಮವಾಗಿದ್ದಾರೆ."

"ನೋಡ್ದ್ಯಾ?" ಎಂದ ತಮ್ಮ. "ನಾನು ಸೋಮವಾರವೇ ಹೇಳಿರಲಿಲ್ವಾ?"

ಅಕ್ಕ ಅವನ ತಲೆಗೆ ಒಂದು ಮೊಟಕಿದಳು. ಮೊಟಕಿದ ಕೈಯನ್ನು ಅಲ್ಲೇ, ಅವನ ಕೂದಲ ಮೇಲೆ ಬಿಟ್ಟಳು. ಕಣ್ಣೀರು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಆಮೇಲೆ ಅವನ ಫೋನನ್ನೂ ತನ್ನ ಚೀಲಕ್ಕೆ ಹಾಕಿಕೊಂಡಳು.

"ನಾಳೆಯಿಂದ ಒತ್ತೋದು ನಾನು. ನೀನು ನುಂಗಿದ್ದನ್ನ ಕಣ್ಣಾರೆ ನೋಡಿ ಒತ್ತೋದು. ಒಂದೊಂದೇ ಪದರ."

"ಒಂದೊಂದೇ ಪದರ ಕತ್ತರಿಸ್ತಾ ಕೂತ್ರೆ ಯಾವಾಗ ಮುಗಿಯತ್ತಕ್ಕಾ?"

"ಮುಗೀಬಾರ್ದು ಅಂತಾನೇ ಕಣೋ."

ತಮ್ಮ ಅವಳ ಮುಖ ನೋಡಿದ. "ಹೂಂ" ಅಂದ. ಬಾಯಲ್ಲಿ ಒಂದೂ ಗುಂಡುಸೂಜಿ ಇರಲಿಲ್ಲ.